ಸೂರೆಹೋದ ಮೇಲೂ ದಿಡ್ಡಿ ಬಾಗಿಲು

ಕನ್ನಗಳವು ತಡೆಗಟ್ಟಲು ಸರ್ಕಾರ ಕೊಡುವ ಹಣ ಯಾವ ಬೀದಿಗೆ ಸಲ್ಲಬೇಕೆಂಬುದನ್ನು ಬೇಡಿಕೆಯ ಗದ್ದಲಕ್ಕಿಂತ ಅಪರಾಧದ ದಾಖಲೆಯೇ ತೀರ್ಮಾನಿಸಬೇಕೆಂಬ ವಿವೇಕ ಬ್ರಿಟನ್ ಗೃಹ ಇಲಾಖೆ 2020ರಲ್ಲಿ ಆರಂಭಿಸಿದ ‘ಸೇಫರ್ ಸ್ಟ್ರೀಟ್ಸ್’ ನಿಧಿಯಲ್ಲಿತ್ತು. ಮೊದಲ ಸುತ್ತಿನ 2.5 ಕೋಟಿ ಪೌಂಡ್ ಮೊತ್ತದಲ್ಲಿ ಪಾಲು ಕೋರುವ ಪೊಲೀಸ್ ಮತ್ತು ಅಪರಾಧ ಆಯುಕ್ತರು, ಅಂದರೆ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಪೊಲೀಸ್ ಪಡೆಯ ಮೇಲ್ವಿಚಾರಣೆಗೆಂದು ಜನರಿಂದ ಚುನಾಯಿತರಾದವರು, ಕಳವು ಹೆಚ್ಚಿರುವ ಪುಟ್ಟ ಪ್ರದೇಶಗಳನ್ನು ಅಂಕಿಅಂಶಗಳ ಆಧಾರದ ಮೇಲೆ ಗುರುತಿಸಿ ಅರ್ಜಿ ಸಲ್ಲಿಸಬೇಕಾಗಿತ್ತು.

ಆದರೆ ಇಂಥ ದಾಖಲೆಯನ್ನು ತೋರಿಸುವ ನಕ್ಷೆಯ ಆಧಾರ ಎಷ್ಟು ಗಟ್ಟಿಯೆಂಬುದು ಅದು ಯಾವುದನ್ನು ಮರೆಮಾಡುತ್ತದೆ ಎಂಬುದನ್ನೂ ಅವಲಂಬಿಸಿದೆ. 2011ರಿಂದ ಅಲ್ಲಿನ ಸಾರ್ವಜನಿಕರಿಗೆ ದೊರೆಯುತ್ತಿರುವ ಬೀದಿವಾರು ಅಪರಾಧ ನಕ್ಷೆಯಲ್ಲಿ, ಸಂತ್ರಸ್ತರ ಗುರುತು ಬಯಲಾಗದಿರಲೆಂದು, ಪ್ರತಿ ಘಟನೆಯನ್ನೂ ಅದು ನಡೆದ ಮನೆಯ ಬದಲು ಹತ್ತಿರದ ನಿಗದಿತ ಬಿಂದುವೊಂದರಲ್ಲಿ ತೋರಿಸಲಾಗುತ್ತದೆ. ಇದು ನ್ಯಾಯವಾದ ಎಚ್ಚರವೇ ಆದರೂ, ಒಂದೇ ಮನೆಗೆ ನಾಲ್ಕು ಸಲ ಕನ್ನ ಬಿದ್ದದ್ದೂ ನಾಲ್ಕು ಮನೆಗಳಿಗೆ ಒಂದೊಂದು ಸಲ ಬಿದ್ದದ್ದೂ ಅಲ್ಲಿ ಒಂದೇ ಬಗೆಯಾಗಿ ಕಾಣುತ್ತವೆ.

ಈ ವ್ಯತ್ಯಾಸದ ಬೆಲೆಯೇನೆಂಬುದನ್ನು ಮ್ಯಾಂಚೆಸ್ಟರ್ ಬಳಿಯ ರಾಚ್‌ಡೇಲ್ ಪಟ್ಟಣದ ಕಿರ್ಕ್‌ಹೋಲ್ಟ್ ಬಡಾವಣೆ 1980ರ ದಶಕದಲ್ಲಿಯೇ ತೋರಿಸಿಕೊಟ್ಟಿತ್ತು. ಸುಮಾರು 2,280 ಮನೆಗಳಿದ್ದ ಅಲ್ಲಿ ಕಳ್ಳರು ಒಮ್ಮೆ ನುಗ್ಗಿದ ಮನೆಗೇ ಮತ್ತೆ ನುಗ್ಗುತ್ತಿದ್ದಾರೆಂಬುದೂ, ನಾಣ್ಯ ಹಾಕುವ ಅನಿಲ ಮತ್ತು ವಿದ್ಯುತ್ ಮೀಟರುಗಳಲ್ಲಿನ ಹಣವೇ ದೊಡ್ಡ ಆಮಿಷವೆಂಬುದೂ ಸಂತ್ರಸ್ತರನ್ನೂ ನೆರೆಯವರನ್ನೂ ವಿಚಾರಿಸಿದಾಗ ತಿಳಿದುಬಂತು. ಆ ಮೀಟರುಗಳನ್ನು ತೆಗೆಸಿ, ಕನ್ನ ಬಿದ್ದ ಮನೆಗಳ ಬಾಗಿಲು ಕಿಟಕಿಗಳನ್ನು ಭದ್ರಪಡಿಸಿ, ಸುತ್ತಲಿನ ಐದಾರು ಮನೆಯವರನ್ನು ಕಾವಲು ಕಾಯಲು ಒಪ್ಪಿಸಲಾಯಿತು. ಸಂತ್ರಸ್ತ ಮನೆಯನ್ನು ನೆರೆಯವರು ಹುಳುವನ್ನು ರೇಷ್ಮೆಗೂಡು ಸುತ್ತುವಂತೆ ಸುತ್ತಿ ಕಾಯುವುದರಿಂದ ಈ ಏರ್ಪಾಡಿಗೆ ‘ಕಕೂನ್’ ಎಂಬ ಹೆಸರು ಬಂತು. ಮೂರು ವರ್ಷಗಳಲ್ಲಿ ಕನ್ನಗಳವು ಸುಮಾರು ಮುಕ್ಕಾಲು ಪಾಲು ಇಳಿಯಿತು.

ಆದ್ದರಿಂದ ಇಂಥ ನಿಧಿಗಾಗಿ ಸಲ್ಲುವ ಅರ್ಜಿಯಲ್ಲಿ ನಕ್ಷೆಯ ಜೊತೆಗೆ ಮತ್ತೆ ಮತ್ತೆ ಬಲಿಯಾದ ಮನೆಗಳ ಪ್ರಮಾಣ, ಕಳ್ಳರು ಒಳನುಗ್ಗಿದ ಬಗೆ, ಸಾವಿರ ಮನೆಗಳಿಗೆ ಇಂತಿಷ್ಟೆಂಬ ಕಳವಿನ ದರ ಮತ್ತು ಠಾಣೆಯ ಮೆಟ್ಟಿಲೇರದ ಕಳವುಗಳನ್ನು ತಿಳಿಯಲು ಮನೆಮನೆ ಸಮೀಕ್ಷೆ ಇರಬೇಕೆಂದು ಹಣ ಕೊಡುವವರೇ ಕೇಳುವುದು ಯುಕ್ತ. ಪೊಲೀಸರ ಬಳಿಯಿರುವ ಪೂರ್ಣ ವಿಳಾಸಗಳಿಂದ ಮತ್ತೆ ಮತ್ತೆ ಬಲಿಯಾದ ಮನೆಗಳ ಲೆಕ್ಕ ತೆಗೆದು, ಯಾವ ಮನೆಯ ಗುರುತನ್ನೂ ಬಯಲುಮಾಡದೆ ಒಟ್ಟು ಸಂಖ್ಯೆಯನ್ನಷ್ಟೇ ಪ್ರಕಟಿಸಬಹುದು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದನ್ನು ಗಾದೆ ಗೇಲಿ ಮಾಡುತ್ತದೆಯಾದರೂ, ಕಳ್ಳ ಅದೇ ದಿಡ್ಡಿಗೆ ಮರಳಿ ಬರುವನೆಂದು ದಾಖಲೆ ಹೇಳುತ್ತಿರುವಾಗ ಸಾರ್ವಜನಿಕ ಹಣ ಮೊದಲು ಸಲ್ಲಬೇಕಾದದ್ದು ಆ ಬಾಗಿಲಿಗೇ.