ಮೆಟ್ಟಿಲು ಗದ್ದೆಗಳೂ ಛಾಯಾಚಿತ್ರಗಳೂ

ಹವಾಯಿ ದ್ವೀಪಗಳಲ್ಲೊಂದಾದ ಕೌವಾಯಿಯ ಉತ್ತರ ತೀರದಲ್ಲಿ ಲಿಮಹುಲಿ ಎಂಬ ಕಣಿವೆಯಿರುವುದು. ಸುತ್ತಲೂ ಕಡಿದಾದ ಬೆಟ್ಟಗಳು, ನಡುವೆ ಅದೇ ಹೆಸರಿನ ಹೊಳೆ. ಹೊಳೆಯ ಮಗ್ಗುಲಲ್ಲಿ ಮೂಲನಿವಾಸಿಗಳು ಅನೇಕ ಶತಮಾನಗಳ ಹಿಂದೆ ಗಾರೆಯಿಲ್ಲದೆ ಕಲ್ಲು ಜೋಡಿಸಿ ಕಟ್ಟಿದ ಮೆಟ್ಟಿಲು ಗದ್ದೆಗಳಿವೆ. 1976ನೆಯ ಇಸವಿಯಲ್ಲಿ ಈ ಕಣಿವೆಯ ಕೆಳಭಾಗವು ದಾನವಾಗಿ ಒಂದು ಸಸ್ಯೋದ್ಯಾನ ಸಂಸ್ಥೆಗೆ ಸೇರಿತು. ಗದ್ದೆಗಳಲ್ಲಿ ಇಂದಿಗೂ ಬೆಳೆಯುವುದು ಕೆಸುವು. ಮಲೆನಾಡಿನ ಹಿತ್ತಿಲುಗಳಲ್ಲಿ ಪತ್ರೊಡೆಗೆ ಒದಗುವ ಕೆಸುವೇ ಅದು. ಆ ಜನರಿಗೆ ಅದರ ಗೆಡ್ಡೆಯೇ ಅನ್ನವಾಗಿದ್ದಿತು.

ಅಲ್ಲಿಗೆ ಬರುವ ಯಾತ್ರಿಕರಲ್ಲಿ ಪಟ ತೆಗೆಯದವರು ವಿರಳ. ಆದರೆ ಪಟದಲ್ಲಿ ಬರುವುದು ಸಾಮಾನ್ಯವಾಗಿ ಮಕಾನ ಶಿಖರ ಮತ್ತು ಎಲೆಗಳ ಹಸುರು. ಹೊಳೆಯನ್ನು ತೆಗೆಯುವಾಗಲಂತೂ ಕ್ಯಾಮೆರಾದ ಕಣ್ಣನ್ನು ಬಹಳ ಹೊತ್ತು ತೆರೆದಿಟ್ಟು, ನೀರನ್ನು ಹಾಲಿನ ನೊರೆಯಂತೆ ತೋರಿಸುವ ಚಾಳಿಯೊಂದುಂಟು. ನೋಡಲು ಚೆಲುವೇ ಸರಿ. ಆದರೆ ನೀರಿನ ಆಳವೆಷ್ಟು, ಅದು ಯಾವ ಕಲ್ಲಿಗೆ ತಗುಲಿ ಎತ್ತ ತಿರುಗಿತು ಎಂಬುದು ಅಂಥ ಪಟದಿಂದ ತಿಳಿಯಲಾರದು.

ಗದ್ದೆಯ ಪ್ರಾಣವಿರುವುದಾದರೋ ಅಲ್ಲಿಯೇ. ಹೊಳೆಗೆ ಅಡ್ಡಲಾಗಿ ಸಣ್ಣ ಕಲ್ಲುಕಟ್ಟೆ ಹಾಕಿ ನೀರನ್ನು ಕಾಲುವೆಗೆ ತಿರುಗಿಸುವರು. ಅದು ಒಂದು ಮೆಟ್ಟಿಲಿನಿಂದ ಮತ್ತೊಂದಕ್ಕೆ ಇಳಿದು ಕಡೆಗೆ ಹೊಳೆಯನ್ನೇ ಸೇರುವುದು. ನೀರು ನಿಂತು ಬೆಚ್ಚಗಾದರೆ ಗೆಡ್ಡೆ ಕೊಳೆಯುವುದು. ಆದುದರಿಂದ ತಂಪಾದ ನೀರು ಸದಾ ಹರಿಯುತ್ತಿರಬೇಕು. ಅವರ ಭಾಷೆಯಲ್ಲಿ ನೀರಿಗೆ ‘ವೈ’ ಎಂದೂ, ಸಂಪತ್ತಿಗೆ ‘ವೈವೈ’ ಎಂದೂ ಹೆಸರು.

2018ನೆಯ ಏಪ್ರಿಲ್ 14 ಮತ್ತು 15ರಲ್ಲಿ ಅದೇ ತೀರದ ವೈಪಾ ಎಂಬಲ್ಲಿ 24 ಗಂಟೆಗಳೊಳಗೆ 49.69 ಅಂಗುಲ ಮಳೆ ಬಿದ್ದಿತು. ಸಮೀಪದ ಹನಲೇಯಿಯ ಕೆಸುವಿನ ಗದ್ದೆಗಳಿಗೆ ಹೊಳೆ ನುಗ್ಗಿತು. ಗುಡ್ಡ ಕುಸಿದು ಲಿಮಹುಲಿಯತ್ತ ಹೋಗುವ ರಸ್ತೆಯು 2019ನೆಯ ಜೂನ್‌ವರೆಗೂ ಯಾತ್ರಿಕರಿಗೆ ತೆರೆಯಲಿಲ್ಲ. ಅದೇ 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿಯೂ ಗುಡ್ಡಗಳು ಜರಿದು ಗದ್ದೆಗಳೂ ಕಾಫಿ ತೋಟಗಳೂ ಮಣ್ಣಿನಡಿ ಸೇರಿದುವು. ಇಂತಹ ಸಮಯದಲ್ಲಿ ಬದು ಎಲ್ಲಿತ್ತು, ತೂಬು ಎಷ್ಟು ಅಗಲವಿತ್ತು ಎಂದು ಹಿರಿಯರ ನೆನಪನ್ನು ಕೇಳಬೇಕಾಗುವುದು. ಹಿರಿಯರಿಬ್ಬರಿದ್ದರೆ ನೆನಪುಗಳೂ ಎರಡು. ವ್ಯಾಜ್ಯಕ್ಕೆ ಅಷ್ಟೇ ಸಾಕು.

ಆದಕಾರಣ ಕಣಿವೆಯಲ್ಲಿ ತೋಟ ಗದ್ದೆಗಳುಳ್ಳ ಭೂಮಾಲೀಕರೂ ಗ್ರಾಮದ ಮುಖಂಡರೂ ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ, ಒಂದೇ ಸ್ಥಳದಲ್ಲಿ ನಿಂತು ಪಟ ತೆಗೆಯಿಸುವುದು ಉಚಿತ. ಕಾಲುವೆಯ ಬಾಯಿ, ಗೋಡೆಯ ಬುಡ, ನೀರು ಹೊರಬೀಳುವ ಕಂಡಿ, ಇವು ಸ್ಪಷ್ಟವಾಗಿ ಕಾಣಬೇಕು. ಪಕ್ಕದಲ್ಲಿ ಅಳತೆಯ ಕೋಲೊಂದನ್ನು ನಿಲ್ಲಿಸಿರಬೇಕು. ನಡುಹಗಲಿನಲ್ಲಿ ನೀರು ಬಿಸಿಲಿಗೆ ಹೊಳೆದು ತಳವನ್ನು ಮರೆಮಾಡುವುದರಿಂದ ಬೆಳಗಿನ ಹೊತ್ತು ಅಥವಾ ಮೋಡ ಕವಿದ ದಿನವೇ ಮೇಲು. ಕೈಯೊಳಗಿನ ದೂರವಾಣಿಯೇ ಇದಕ್ಕೆ ಸಾಕಾದರೂ, ಒಂದು ಪ್ರತಿಯನ್ನು ಕಾಗದದ ಮೇಲೆ ಅಚ್ಚು ಮಾಡಿಸಿ, ಬೆನ್ನಿಗೆ ತಾರೀಖು, ಸರ್ವೆ ನಂಬರು ಹಾಗೂ ನಿಂತ ದಿಕ್ಕನ್ನು ಬರೆದು ಪಹಣಿ ಪತ್ರಗಳೊಡನೆ ಇಡತಕ್ಕದ್ದು.