ಹಳ್ಳಿಯ ಶಾಲೆಗಳ ತುಲನೆ

2018ರಲ್ಲಿ ಆರಂಭವಾದ ಕರ್ನಾಟಕ ಪಬ್ಲಿಕ್ ಶಾಲೆಗಳು ಪೂರ್ವ ಪ್ರಾಥಮಿಕದಿಂದ ಪದವಿಪೂರ್ವದವರೆಗಿನ ಶಿಕ್ಷಣವನ್ನು ಒಂದೆಡೆ ಒದಗಿಸುವುದು ಸಂತೋಷದ ಸಂಗತಿಯೇ ಸರಿ. ಆದರೆ ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಯನ್ನು ಅವುಗಳೊಡನೆ ಹೋಲಿಸಿ, ಮಕ್ಕಳ ತಲೆಯೆಣಿಸಿ, ಸಣ್ಣ ಶಾಲೆ ನಿರರ್ಥಕವೆಂದು ತೀರ್ಪು ಕೊಡುವುದನ್ನು ನಾವು ಒಪ್ಪಲಾರೆವು. 2009ರ ಶಿಕ್ಷಣ ಹಕ್ಕಿನ ಶಾಸನವು 60 ಮಕ್ಕಳವರೆಗಿನ ಇಂಥ ಶಾಲೆಗೂ ಇಬ್ಬರು ಉಪಾಧ್ಯಾಯರನ್ನು ವಿಧಿಸಿದೆ. ಒಬ್ಬರೇ ಐದು ತರಗತಿಗಳಿಗೆ ಪಾಠ ಹೇಳಿ, ಬಿಸಿಯೂಟದ ಲೆಕ್ಕವನ್ನೂ ಬರೆಯುವಲ್ಲಿ ಕೊರತೆಯು ಶಾಲೆಯದೋ, ಸರಕಾರದ್ದೋ? ಆರು ವರ್ಷದ ಕೂಸು ನಡೆಯಬಲ್ಲ ದೂರವನ್ನೂ ತಕ್ಕಡಿಯಲ್ಲಿಡಬೇಕು. ಮೇವಿಲ್ಲದ ಎತ್ತನ್ನು ಕೊಬ್ಬಿದ ಎತ್ತಿನೊಡನೆ ನೊಗಕ್ಕೆ ಹೂಡಿ ಹಳಿಯುವುದು ನ್ಯಾಯವಲ್ಲ. ಅಧಿಕಾರಿಗಳು ಮೊದಲು ಶಾಸನೋಕ್ತವಾದ ಎರಡನೆಯ ಉಪಾಧ್ಯಾಯರನ್ನು ಕಳುಹಿಸಲಿ. ತುಲನೆಯ ಮಾತು ಅನಂತರದ್ದು.