ಎರಡು ಯಾನಗಳ ನಡುವಿನ ನೆಲ

ಘಟ್ಟದ ಮೇಲಿನ ನಮ್ಮವರಿಗೆ ಕಡಲೆಂದರೆ ಗೋಕರ್ಣ. ಶಿವರಾತ್ರಿಗೋ ಪಿತೃಕಾರ್ಯಕ್ಕೋ ದೇವಿಮನೆ ಘಟ್ಟವನ್ನಿಳಿದು, ಮೂರು ಮುಳುಗು ಹಾಕಿ, ಒದ್ದೆ ಪಂಚೆಯನ್ನು ಹಿಂಡಿಕೊಂಡು ಮನೆ ಸೇರುವುದು ವಾಡಿಕೆ. ಕಡಲನ್ನು ದಾಟುವ ಯೋಚನೆ ನಮ್ಮ ಹಿರಿಯರಿಗೆ ಬಂದದ್ದು ಕಡಮೆ. ಬೌಧಾಯನ ಧರ್ಮಸೂತ್ರವು ಸಮುದ್ರಯಾನವನ್ನು ಪಾತಕಗಳ ಸಾಲಿನಲ್ಲಿ ಎಣಿಸಿರುವುದನ್ನು ಬಲ್ಲವರು ಕೆಲವರಿದ್ದರು. ತೋಟ ಬಿಟ್ಟು ಹೋಗಲು ಪುರಸೊತ್ತಿಲ್ಲದವರು ಅದಕ್ಕಿಂತ ಹೆಚ್ಚಾಗಿದ್ದರು. ವಿನೋದವೆಂದರೆ, ಬೆಳೆದವನು ದಾಟದ ಕಡಲನ್ನು ಬೆಳೆ ದಾಟಿತು. ಹದಿನಾರನೆಯ ಶತಮಾನದಲ್ಲಿ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ತುಗೀಜರು ‘ಮೆಣಸಿನ ರಾಣಿ’ಯೆಂದು ಕರೆದದ್ದು ಈ ಸೀಮೆಯ ಕಾಳುಮೆಣಸು ಅವರ ಹಡಗುಗಳನ್ನೇರಿದ ಕಾರಣದಿಂದಲೇ.

ಈಗ ಬೆಳೆದವನ ಸರದಿಯೂ ಬಂದಿದೆ. ಹುಲಗೋಳದ ನಮ್ಮ ನೆರೆಮನೆಯ ವೃದ್ಧ ದಂಪತಿಗಳಿಗಾಗಿ ಅಮೆರಿಕದಲ್ಲಿರುವ ಮಗನು ಒಂದಲ್ಲ, ಎರಡು ಹಡಗುಯಾನಗಳನ್ನು ಗೊತ್ತುಮಾಡಿದ್ದಾನೆ. ಮಯಾಮಿ ಬಂದರಿನಿಂದ ಹೊರಟು ಏಳು ದಿನ ಕೆರೀಬಿಯನ್ ಸಮುದ್ರದ ಪೂರ್ವಭಾಗದ ದ್ವೀಪಗಳು. ಬೆಳಗ್ಗೆ ಹಿಂತಿರುಗಿದ ಅದೇ ಹಡಗು ಅದೇ ಸಂಜೆ ಮತ್ತೆ ಹೊರಟು ಏಳು ದಿನ ಪಶ್ಚಿಮಭಾಗದ ಬಂದರುಗಳು. ಮಗನೂ ಜೊತೆಗಿರುವನು, ಆದರೆ ಅವನಿಗೆ ರಜೆಯಿರುವುದು ಎರಡೇ ವಾರ. ಇಂಗ್ಲಿಷಿನಲ್ಲಿದ್ದ ಕಾಗದಪತ್ರಗಳನ್ನು ಓದಿ ತಿಳಿಸುವ ಕೆಲಸ ನಿವೃತ್ತ ಮಾಸ್ತರನಾದ ನನ್ನ ಪಾಲಿಗೆ ಬಂತು. ನಾನು ಓದಿ ಮುಗಿಸಿದ ಮೇಲೆ ಆ ತಾಯಿ ಕೇಳಿದ್ದು ಒಂದೇ ಪ್ರಶ್ನೆ: “ಎರಡರ ಮಧ್ಯ ನೆಲಕ್ಕೆ ಕಾಲಿಡಲೆ ಒಂದು ದಿನವೂ ಇಲ್ಯಾ ಮಾಸ್ತರೆ?”

ಈ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು ಮಗನ ಯೋಜನೆಗೆ ನ್ಯಾಯ ಸಲ್ಲಿಸಬೇಕು. ಒಂದರ ಬೆನ್ನಿಗೇ ಇನ್ನೊಂದು ಯಾನವನ್ನು ಗೊತ್ತುಮಾಡುವುದು ಕೇವಲ ದುರಾಸೆಯ ಮಾತಲ್ಲ. ಹುಲಗೋಳದಿಂದ ಶಿರಸಿ, ಶಿರಸಿಯಿಂದ ರಾತ್ರಿಯ ಬಸ್ಸಿನಲ್ಲಿ ಬೆಂಗಳೂರು, ಅಲ್ಲಿಂದ ಎರಡು ವಿಮಾನಗಳನ್ನಾದರೂ ಬದಲಿಸಿ ಅಮೆರಿಕ: ಮುಪ್ಪಿನ ಮೊಣಕಾಲುಗಳಿಗೆ ಕಷ್ಟವಾಗುವುದು ಈ ಹಾದಿಯೇ ಹೊರತು ಹಡಗಲ್ಲ. ಇಷ್ಟು ದೂರ ಹೋದ ಮೇಲೆ ವಿಮಾನದ ಒಂದೇ ಖರ್ಚಿನಲ್ಲಿ ಎರಡು ಯಾನಗಳಾದರೆ ತಪ್ಪೇನು? ಕೋಣೆ ಅದೇ ಆದರೆ ಪೆಟ್ಟಿಗೆ ಕಟ್ಟುವ ಶ್ರಮವೂ ಇಲ್ಲ. ಸಸ್ಯಾಹಾರಕ್ಕೆಂದು ಮೊದಲ ವಾರ ಹೇಳಿ ಒಪ್ಪಿಸಿದ್ದನ್ನು ಎರಡನೆಯ ವಾರ ಮತ್ತೆ ಹೇಳುವ ಅಗತ್ಯವೂ ಬೀಳದಿರಬಹುದು. ತೋಟಿಗನಿಗಾದರೋ ಬಿಡುವೆಂಬುದೇ ಕಿರಿದು. ಅಡಿಕೆಯ ಕೊಯ್ಲು, ಸುಲಿತ, ಒಣಗಿಸುವಿಕೆ ಮುಗಿದ ಮೇಲೆ, ಮಳೆ ಹಿಡಿಯುವ ಮುನ್ನ ಮೈಲುತುತ್ತ ಸುಣ್ಣಗಳನ್ನು ಬೆರೆಸಿ ಕೊಳೆಮದ್ದು ಹೊಡೆಯುವ ಹೊತ್ತಿನೊಳಗೆ ಅವನು ಹೋಗಿಬರಬೇಕು. ಇದ್ದ ಬಿಡುವನ್ನು ತುಂಬಿಕೊಳ್ಳೋಣವೆಂಬ ಆಸೆ ಸಹಜವಾದುದು.

ಆದರೆ ಕಾಗದಗಳನ್ನು ಓದುತ್ತ ಹೋದಂತೆ ಎರಡು ಯಾನಗಳನ್ನು ಜೋಡಿಸುವುದು ಎರಡು ಹಗ್ಗಗಳನ್ನು ಗಂಟುಹಾಕಿದಷ್ಟು ಸುಲಭವಲ್ಲವೆಂಬುದು ನನಗೆ ಮನದಟ್ಟಾಯಿತು. ಅನೇಕ ಹಡಗುಗಳು ವಾರವಾರವೂ ಅದೇ ಸುತ್ತನ್ನು ಸುತ್ತುತ್ತವೆ. ನೋಡದೆ ಚೀಟಿ ಕೊಂಡವನು ಅವೇ ಬಂದರುಗಳನ್ನು ಎರಡು ಸಲ ಕಾಣಬೇಕಾಗುವುದು. ಎರಡನೆಯ ವಾರಕ್ಕೆ ಕೋಣೆ ಬದಲಾಗುವುದೂ ಉಂಟು. ಆ ದ್ವೀಪಗಳೆಲ್ಲ ಒಂದೇ ರಾಜ್ಯಕ್ಕೆ ಸೇರಿದವಲ್ಲವಾದುದರಿಂದ ನಮ್ಮ ಪಾಸ್‌ಪೋರ್ಟಿನವರು ಅವುಗಳ ಪ್ರವೇಶಾನುಮತಿಯ ನಿಯಮಗಳನ್ನು ಒಂದೊಂದಾಗಿ ನೋಡಿಕೊಳ್ಳಬೇಕು. ನಡುವೆ ಅಮೆರಿಕದ ನೆಲವನ್ನು ಪುನಃ ಪ್ರವೇಶಿಸಬೇಕಾಗುವುದರಿಂದ ಅಲ್ಲಿಯ ವೀಸಾ ಹಲವು ಪ್ರವೇಶಗಳಿಗೆ ಸಲ್ಲುವಂಥದಾಗಿರಬೇಕು. ಯುರೋಪಿನಲ್ಲಿಯೂ ಹೀಗೆಯೇ: ಒಂದೇ ಪ್ರವೇಶದ ಷೆಂಗೆನ್ ವೀಸಾ ಹಿಡಿದು ಹೋದವನ ಹಡಗು ಆ ರಾಷ್ಟ್ರಗಳ ಗಡಿಯನ್ನು ಬಿಟ್ಟು ಹೊರಗಿನ ಬಂದರನ್ನು ಮುಟ್ಟಿತೆಂದರೆ, ಮರಳಿ ಒಳಗೆ ಬರುವಾಗ ಅವನಿಗೆ ಬಾಗಿಲು ಮುಚ್ಚಿರುವುದು.

ಇನ್ನೂ ವಿಚಿತ್ರವಾದ ಒಂದು ಶಾಸನವುಂಟು. ವಿದೇಶೀ ಬಾವುಟದ ಹಡಗುಗಳು ಅಮೆರಿಕದ ಒಂದು ಬಂದರಿನಿಂದ ಅದೇ ದೇಶದ ಮತ್ತೊಂದು ಬಂದರಿಗೆ, ನಡುವೆ ದೂರದ ಪರದೇಶದ ಬಂದರೊಂದನ್ನು ಮುಟ್ಟದೆ, ಪ್ರಯಾಣಿಕರನ್ನು ಸಾಗಿಸಕೂಡದೆಂದು 1886ರಲ್ಲಿಯೇ ಅಲ್ಲಿ ಕಾನೂನಾಗಿದೆ. ಲಾಸ್ ಏಂಜಲೀಸಿನಿಂದ ಕೆನಡದ ವ್ಯಾಂಕೂವರಿಗೆ ಒಂದು ಯಾನ. ಅದೇ ಹಡಗಿನಲ್ಲಿ ವ್ಯಾಂಕೂವರಿನಿಂದ ಅಲಾಸ್ಕದ ಬಂದರಿಗೆ ಇನ್ನೊಂದು. ಬಿಡಿಬಿಡಿಯಾಗಿ ಎರಡೂ ನಿರ್ದೋಷವಾದವು, ಒಬ್ಬನೇ ಪ್ರಯಾಣಿಕನು ಎರಡನ್ನೂ ಜೋಡಿಸಿದನೆಂದರೆ ಕಾನೂನಿನ ಕಣ್ಣಿಗೆ ಅದು ಒಂದೇ ಯಾನ, ಆದುದರಿಂದ ಅಪರಾಧ. ಮಯಾಮಿಗೆ ಮರಳುವ ನಮ್ಮ ದಂಪತಿಗಳಿಗೆ ಈ ತೊಡಕಿಲ್ಲ. ಅವರಿಗಿರುವುದು ಬೇರೊಂದು. ಎರಡು ಯಾನಗಳ ನಡುವಿನ ಬೆಳಗ್ಗೆ, ಮುಂದುವರಿಯುವ ಪ್ರಯಾಣಿಕರನ್ನೂ ಒಮ್ಮೆ ಹಡಗಿನಿಂದಿಳಿಸಿ, ಅಧಿಕಾರಿಗಳ ಮುಂದೆ ನಿಲ್ಲಿಸಿ, ಲೆಕ್ಕದಲ್ಲಿ ಹಡಗು ಬರಿದಾಯಿತೆಂದು ಬರೆದುಕೊಂಡ ಮೇಲೆ ಹೊಸ ಚೀಟಿ ಕೊಟ್ಟು ಮತ್ತೆ ಹತ್ತಿಸುತ್ತಾರೆ. ಅಂದರೆ ಎಡೆಬಿಡದೆ ಸಾಗುವೆನೆಂದು ಹಟತೊಟ್ಟವನಿಗೂ ಕಾನೂನು ಒಂದು ಗಳಿಗೆಯಾದರೂ ನೆಲವನ್ನು ಮುಟ್ಟಿಸುತ್ತದೆ! ಆ ತಾಯಿಯ ಪ್ರಶ್ನೆಯಲ್ಲಿದ್ದ ವಿವೇಕದ ಒಂದಂಶ ಈ ಒಣ ನಿಯಮದಲ್ಲಿಯೂ ಅಡಗಿದೆಯೆಂದು ನನಗೆ ತೋರಿತು.

ಹಿಂದಿನ ಕಾಲದಲ್ಲಿ ಈ ಬಿಡುವನ್ನು ಗಾಳಿಯೇ ಕೊಡುತ್ತಿತ್ತು. ಅರಬ್ಬೀ ಸಮುದ್ರದ ಹಾಯಿಹಡಗುಗಳಿಗೆ ಬರಲು ಒಂದು ಗಾಳಿ, ಹೋಗಲು ಇನ್ನೊಂದು ಗಾಳಿ. ನಡುವೆ ಬಂದರಿನಲ್ಲಿ ತಿಂಗಳುಗಟ್ಟಲೆ ತಂಗುವುದು ಅನಿವಾರ್ಯ. ಹದಿನಾಲ್ಕನೆಯ ಶತಮಾನದಲ್ಲಿ ಇಬ್ನ್ ಬತೂತಾ ನಮ್ಮ ಹೊನ್ನಾವರಕ್ಕೆ ಒಂದಕ್ಕಿಂತ ಹೆಚ್ಚು ಸಲ ಬಂದು ತಂಗಿದನು. ಆ ಊರಿನಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳಿದ್ದವೆಂದು ಅವನು ಬರೆದಿಟ್ಟಿದ್ದಾನೆ. ಬೆಳಗ್ಗೆ ಇಳಿದು ಸಂಜೆ ಹಡಗೇರುವವನು ಶಾಲೆಗಳನ್ನು ಎಣಿಸಬಲ್ಲನೆ? ಇಂದು ಚಳಿಗಾಲದಲ್ಲಿ ನವಮಂಗಳೂರು ಬಂದರಿಗೆ ಬರುವ ವಿಹಾರನೌಕೆಗಳ ಪ್ರವಾಸಿಗಳು ಮೂಡಬಿದಿರೆಯ ಸಾವಿರ ಕಂಬದ ಬಸದಿಯನ್ನೂ ಕಾರ್ಕಳದ ಗೊಮ್ಮಟನನ್ನೂ ಒಂದೇ ಹಗಲಿನಲ್ಲಿ ಕಂಡು ಮರಳುತ್ತಾರೆ. ಅವರು ಕಂಡದ್ದು ಸುಳ್ಳಲ್ಲ. ಆದರೆ ಕಂಬಗಳನ್ನು ಕಂಡಷ್ಟು ಜನರನ್ನು ಕಂಡಿರಲಾರರು.

ನಮ್ಮ ಕರಾವಳಿಯ ಹಿರಿಯರು ಆಗಬೋಟಿಯೆಂದು ಕರೆಯುತ್ತಿದ್ದ ಉಗಿಹಡಗುಗಳೂ ಮಳೆಗಾಲಕ್ಕೆ ತಲೆಬಾಗುತ್ತಿದ್ದವು. ಸುಗ್ಗಿಯ ಕಾಲದಲ್ಲಿ ಮುಂಬಯಿಯಿಂದ ಕಾರವಾರ, ಹೊನ್ನಾವರಗಳನ್ನು ಮುಟ್ಟುತ್ತಿದ್ದ ಬೋಟಿ ಆಷಾಢದ ಕಡಲಿಗಿಳಿಯುತ್ತಿರಲಿಲ್ಲ. ಇಂದಿನ ದೊಡ್ಡ ನೌಕೆಗಳೂ ಈ ಮಾತಿಗೆ ಪೂರ್ತಿ ಹೊರತಲ್ಲ. 1990ರಲ್ಲಿ ಕಟ್ಟಿದ ‘ಎಂಪ್ರೆಸ್’ ಎಂಬ ವಿಹಾರನೌಕೆಯು 2021ರಲ್ಲಿ ಮುಂಬಯಿಯಿಂದ ಗೋವೆ, ಕೊಚ್ಚಿ, ಲಕ್ಷದ್ವೀಪಗಳತ್ತ ಯಾನವನ್ನಾರಂಭಿಸಿತು. 2022ರ ಮತ್ತು 2023ರ ಜೂನ್ ತಿಂಗಳಲ್ಲಿ ಅದು ಪ್ರವಾಸಿಗಳನ್ನು ಹತ್ತಿಸಿಕೊಂಡದ್ದು ಪೂರ್ವ ಕರಾವಳಿಯ ಚೆನ್ನೈಯಲ್ಲಿ. ಯಂತ್ರ ಎಷ್ಟೇ ಬಲಿತರೂ ನೈಋತ್ಯದ ಗಾಳಿಗೆ ಗೌರವ ತೋರುವುದು ತಪ್ಪಿಲ್ಲ.

ಬಿಡುವಿನಿಂದ ಏನು ಫಲವೆಂದು ಕೇಳಬಹುದು. ಅಡಿಕೆ ಬೆಳೆಯುವ ನಾಡಿನಲ್ಲಿ ಇದಕ್ಕೆ ಉತ್ತರ ಕಷ್ಟವಲ್ಲ. ಸುಲಿದು ಬೇಯಿಸಿದ ಅಡಿಕೆಯನ್ನು ಬಿಸಿಲಿಗೆ ಹರವದೆ ಚೀಲಕ್ಕೆ ತುಂಬಿದರೆ ಬೂಷ್ಟು ಹಿಡಿಯುತ್ತದೆ. ಅಂಗಳದಲ್ಲಿ ಸುಮ್ಮನೆ ಬಿದ್ದಿರುವ ಆ ದಿನಗಳಲ್ಲಿಯೇ ಅದು ಅಡಿಕೆಯಾಗುವುದು. ನೋಟಗಳೂ ಹಾಗೆಯೇ. ವಿನಾಯಕ ಕೃಷ್ಣ ಗೋಕಾಕರು ವಿದ್ಯಾಭ್ಯಾಸಕ್ಕೆಂದು ಇಂಗ್ಲೆಂಡಿಗೆ ತೆರಳಿದ್ದು 1936ರಲ್ಲಿ. ಆ ಕಡಲಿನ ಅನುಭವದ ‘ಸಮುದ್ರಗೀತೆಗಳು’ ಪುಸ್ತಕವಾಗಿ ಹೊರಬಂದದ್ದು 1940ರಲ್ಲಿ. ಕಡಲನ್ನು ಕಂಡದ್ದಕ್ಕೂ ಕಡಲು ಕನ್ನಡವಾದದ್ದಕ್ಕೂ ನಡುವೆ ವರ್ಷಗಳ ಅಂತರವಿತ್ತು. ನಾವೆಲ್ಲರೂ ಕವಿಗಳಲ್ಲ, ನಿಜ. ಆದರೆ ಊರಿಗೆ ಬಂದು ಜಗಲಿಯಲ್ಲಿ ಕುಳಿತು ಕಥೆ ಹೇಳತಕ್ಕವರು ನಾವೂ ಹೌದಷ್ಟೆ.

ಎರಡು ಯಾತ್ರೆಗಳನ್ನು ಜೋಡಿಸುವುದು ನಮ್ಮಲ್ಲಿ ಹೊಸದೇನೂ ಅಲ್ಲ. ಕಾಶಿಯ ಗಂಗೆಯನ್ನು ತಂದು ರಾಮೇಶ್ವರದಲ್ಲಿ ಅಭಿಷೇಕ ಮಾಡಿಸುವುದು, ಸೇತುವಿನ ಮರಳನ್ನೊಯ್ದು ಪ್ರಯಾಗದಲ್ಲಿ ಬಿಡುವುದು ಎಂಬ ಪದ್ಧತಿಯಲ್ಲಿ ಒಂದು ಯಾತ್ರೆ ಇನ್ನೊಂದಕ್ಕೆ ಏನನ್ನೋ ಒಪ್ಪಿಸುತ್ತಿತ್ತು. ಊರಿಗೆ ಮರಳಿ ಸಮಾರಾಧನೆ ಮಾಡಿ ನಾಲ್ವರಿಗೆ ಉಣಬಡಿಸಿದ ಮೇಲೆಯೇ ಯಾತ್ರೆ ಮುಗಿಯುತ್ತಿದ್ದುದು. ಹದಿನಾಲ್ಕು ದಿನಗಳ ಜೋಡಿಯಾನದಲ್ಲಿ ಮೊದಲನೆಯದು ಎರಡನೆಯದಕ್ಕೆ ಒಪ್ಪಿಸುವುದೇನು? ಒಗೆಯದ ಬಟ್ಟೆಯ ಗಂಟೊಂದನ್ನಲ್ಲದೆ ಬೇರೇನೂ ನನಗೆ ಹೊಳೆಯದು.

ಆದುದರಿಂದ ನನ್ನ ಅಭಿಪ್ರಾಯವಿಷ್ಟೆ. ಎರಡು ಯಾನಗಳನ್ನು ಮಾಡಬೇಕೆನ್ನುವವರು ಮೊದಲು ನಡುವಿನ ದಿನಗಳನ್ನು ಗೊತ್ತುಮಾಡಿಕೊಳ್ಳಲಿ. ಆಮೇಲೆ ಹಡಗುಗಳನ್ನು ಹುಡುಕಲಿ. ನಾಲ್ಕಾರು ದಿನ ನೆಲದ ಮೇಲೆ, ಸಾಧ್ಯವಾದರೆ ಯಾರಾದರೊಬ್ಬರ ಮನೆಯಲ್ಲಿ ಕಳೆಯಲಿ. ಅದರಿಂದ ಖರ್ಚು ಹೆಚ್ಚುತ್ತದೆ, ರಜೆ ಸಾಲದು ಎಂಬುದು ಸುಳ್ಳಲ್ಲ. ಅಂಥವರು ಎರಡನೆಯ ಯಾನವನ್ನೇ ಕೈಬಿಡುವುದು ಲೇಸು. ಕಡಲು ಎಲ್ಲಿಗೂ ಹೋಗದು. ನಮ್ಮ ಹಳ್ಳಿಗಳ ವೃದ್ಧರ ಮಟ್ಟಿಗಂತೂ ಈ ಮಾತು ಇನ್ನೂ ಸತ್ಯ. ಮಕ್ಕಳೆಲ್ಲ ಹೊರಗಿರುವ ಮನೆಗಳಲ್ಲಿ ಅವರಿಗೆ ಕೊರತೆಯಾಗಿರುವುದು ದ್ವೀಪಗಳಲ್ಲ.

ನೆರೆಮನೆಯ ತಾಯಿ ನನ್ನಿಂದಲೇ ಮಗನಿಗೆ ಒಂದು ಓಲೆ ಬರೆಯಿಸಿದ್ದಾರೆ. ಮೊದಲ ವಾರ ಹಡಗು ಆಗಬಹುದು. ಎರಡನೆಯ ವಾರ ನಿನ್ನ ಮನೆಯಲ್ಲಿಯೇ ಇರುತ್ತೇವೆ, ಅಡಿಗೆ ನಾನು ಮಾಡುವೆ, ನೀನು ಮನೆಯಲ್ಲಿದ್ದರೆ ಸಾಕು ಎಂಬುದು ಅದರ ಸಾರಾಂಶ. ತಂದೆ ಪಕ್ಕದಲ್ಲಿ ಕವಳ ಹಾಕುತ್ತ ಕುಳಿತಿದ್ದರು. ಏನಾದರೂ ಸೇರಿಸಬೇಕೇ ಎಂದು ಕೇಳಿದೆ. ಮುಂಗಡ ಕೊಟ್ಟ ಹಣದಲ್ಲಿ ಎಷ್ಟು ಹಿಂದಕ್ಕೆ ಬರುವುದೆಂದು ವಿಚಾರಿಸಿಕೊಳ್ಳಲು ಬರೆಯಿರಿ ಎಂದರು. ಸ್ವಲ್ಪ ತಡೆದು, ಬಾರದಿದ್ದರೂ ಅಡ್ಡಿಯಿಲ್ಲವೆಂದು ಬರೆಯಿರಿ ಎಂದರು.